ಕೊನೆಯ ಸಾಲಿನ ಮೋನಪ್ಪಣ್ಣ

ನಮ್ಮ ಮನೆಯ ವಾಷಿಂಗ್ ಮಶೀನಿಗೆ ಸನ್ಮಾನವಾಗಿ ಆರು ವರ್ಷವಾಯಿತು. ಜರಿ ಅಂಚಿನ ಮೆರೂನ್ ಶಾಲು ಹೊದ್ದುಕೊಂಡು ಅದು ಬಾಲ್ಕನಿಯ ಮೂಲೆಯಲ್ಲಿ ಮುಖ್ಯ ಅತಿಥಿಯ ಹಾಗೆ ನಿಂತಿದೆ. ಶಾಲು ಮೊದಲು ಇದ್ದದ್ದು ನನ್ನ ಹೆಗಲ ಮೇಲೆ, ಅದೂ ಸುಮಾರು ನಾಲ್ಕು ನಿಮಿಷ. ನಾನು ಪತ್ರಿಕೆಯ ಕೆಲಸದಿಂದ ನಿವೃತ್ತಳಾದ ವರ್ಷ ಡೊಂಬಿವಲಿಯ ನಮ್ಮ ಕನ್ನಡ ಸಂಘದವರು ಮೇ ತಿಂಗಳ ಒಂದು ಸಂಜೆ, ಫ್ಯಾನು ತಿರುಗುತ್ತಿದ್ದರೂ ಗಾಳಿ ಬಾರದ ಸಭಾಂಗಣದಲ್ಲಿ ಅದನ್ನು ನನಗೆ ಹೊದಿಸಿದರು. ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಆದರೂ ತೆಗೆಯಬೇಕೆನ್ನಿಸಲಿಲ್ಲ. ಫೋಟೊದವನು "ಮೇಡಂ, ಇನ್ನೊಂದು" ಎಂದಾಗ ಶಾಲಿನ ಮಡಿಕೆಯನ್ನು ನಾನೇ ಸರಿಮಾಡಿಕೊಂಡೆ. ಮನುಷ್ಯ ಸ್ವಭಾವದ ಬಗ್ಗೆ ನನಗಿರುವ ಕೆಟ್ಟ ಅಭಿಪ್ರಾಯಗಳಲ್ಲಿ ಅರ್ಧದಷ್ಟನ್ನು ನನ್ನನ್ನು ನೋಡಿಯೇ ಕಲಿತಿದ್ದೇನೆ. ಉಳಿದರ್ಧ ಕಚೇರಿಯಲ್ಲಿ ಕಲಿತದ್ದು.

ನಿಮ್ಮ ಕಪಾಟಿನಲ್ಲೂ ಇಂಥ ಒಂದೆರಡು ಶಾಲು ಇರಬಹುದು. ಮುಂಬೈ ಸೀಮೆಯ ಕನ್ನಡಿಗರ ಮನೆಗಳಲ್ಲಂತೂ ಇಡ್ಲಿ ಪಾತ್ರೆಯಷ್ಟೇ ಖಂಡಿತವಾಗಿ ಇರುತ್ತವೆ. ಹೊದೆಯಲು ಚಳಿಯಿಲ್ಲ, ಎಸೆಯಲು ಮನಸ್ಸಿಲ್ಲ. ಕಲ್ಯಾಣದ ಹಿರಿಯರೊಬ್ಬರು ತಮಗೆ ಬಂದ ಶಾಲುಗಳನ್ನು ಸಂಘಕ್ಕೇ ಮರಳಿಸುತ್ತಿದ್ದರು. ಸಂಘ ಅವನ್ನು ಮತ್ತೊಬ್ಬರಿಗೆ ಹೊದಿಸುತ್ತಿತ್ತು. ಹೀಗೆ ಊರೆಲ್ಲ ಸುತ್ತಿ ಬಂದ ಶಾಲೊಂದು ಕೆಲವು ವರ್ಷಗಳ ಮೇಲೆ ಅವರ ಹೆಗಲಿಗೇ ಬಿತ್ತಂತೆ. ಅಂಚಿನ ಚಹಾ ಕಲೆಯಿಂದ ಗುರುತು ಸಿಕ್ಕಿತಂತೆ. "ಆದರೂ ಖುಷಿ ಆಯ್ತು ನೋಡಿ" ಎಂದು ಅವರೇ ನನಗೆ ಹೇಳಿದರು. ನಾನು ಜೋರಾಗಿ ನಕ್ಕುಬಿಟ್ಟೆ. ಆಗ ನನಗಿನ್ನೂ ಯಾರೂ ಶಾಲು ಹೊದಿಸಿರಲಿಲ್ಲ.

ಮೂವತ್ತು ವರ್ಷ ನಾನು ಮಾಡಿದ ಕೆಲಸ ಹೆಸರುಗಳದ್ದು. ಒಂದು ಕನ್ನಡ ಪತ್ರಿಕೆಯಲ್ಲಿ ಸಂಘ ಸಂಸ್ಥೆಗಳ ಪುಟ ನೋಡಿಕೊಳ್ಳುತ್ತಿದ್ದೆ. ಠಾಣೆಯಿಂದ ಕಲ್ಯಾಣದವರೆಗೆ, ಆ ಕಡೆ ನವಿಮುಂಬೈಯಲ್ಲಿ, ಎಲ್ಲಿ ನಾಲ್ಕು ಜನ ಕನ್ನಡಿಗರು ಸೇರಿ ಒಂದು ದೀಪ ಹಚ್ಚಿದರೂ ಅದರ ವರದಿ ನನ್ನ ಮೇಜಿಗೆ ಬರುತ್ತಿತ್ತು. ವರದಿ ಎಂದರೆ ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದರು, ವೇದಿಕೆಯಲ್ಲಿ ಯಾರು ಯಾರು ಉಪಸ್ಥಿತರಿದ್ದರು. ಅತಿಥಿಗಳು ಏನು ಮಾತಾಡಿದರೆಂಬುದು ನಡುವೆ ಎರಡು ಸಾಲು. ಒಮ್ಮೆ ಠಾಣೆಯ ಭಾಷಣ ಹೇಗೋ ಕಲ್ಯಾಣದ ವರದಿಯೊಳಗೆ ಸೇರಿಹೋಯಿತು, ಕಲ್ಯಾಣದ್ದು ಠಾಣೆಗೆ ಹೋಯಿತು. ಭಾಷಣ ಮಾಡಿದ ಇಬ್ಬರಿಗೂ ಗೊತ್ತಾಗಲಿಲ್ಲ. ಆದರೆ ಹೆಸರುಗಳ ಸಾಲಿನಲ್ಲಿ ಉಪಾಧ್ಯಕ್ಷರಿಗಿಂತ ಮೊದಲು ಕೋಶಾಧಿಕಾರಿ ಬಂದರೆ ಮಾತ್ರ ಬೆಳಿಗ್ಗೆ ಏಳಕ್ಕೇ ಫೋನು.

ಹೆಚ್ಚಾಗಿ ಫೋನು ಮಾಡುತ್ತಿದ್ದವರು ನಮ್ಮ ಸಂಘದ ಅಧ್ಯಕ್ಷರಾದ ದೇಸಾಯರು. ವಿಜಯಪುರದ ಕಡೆಯವರು. ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಎಷ್ಟು ವರ್ಷದಿಂದ ಅಧ್ಯಕ್ಷರೆಂದು ಅವರಿಗೇ ನೆನಪಿರಲಿಲ್ಲ.

"ಏನ್ರೀ ಬಾಯಾರ, ಈ ಸಲ ಸಮಾಜಸೇವಕ ಅನ್ನೂದು ಬಿಟ್ಟಬಿಟ್ಟೀರಲ್ಲಾ?"

"ಜಾಗಾ ಇರಲಿಲ್ರೀ ದೇಸಾಯರ."

"ನನ್ನ ಸಲುವಾಗಿ ಅಲ್ರೀ ಮತ್ತ. ಮನ್ಯಾಗ ಕೇಳತಾರ. ಏನ್ರೀ, ಸಮಾಜಸೇವಾದಿಂದ ನಿಮ್ಮನ್ನ ತಗದಾರೇನು ಅಂತ."

ಅಂಗಡಿಯಲ್ಲಿ ದೇಸಾಯರು ಬೇರೆಯೇ ಮನುಷ್ಯ. ಬಡವರ ಮನೆಯ ಮದುವೆಯೆಂದರೆ ಸೀರೆಗೆ ರವಿಕೆ ಕಣ ಸೇರಿಸಿ ಕಟ್ಟಿಕೊಟ್ಟು, ಯಾರಿಗೂ ಹೇಳಬೇಡಿರೆನ್ನುತ್ತಿದ್ದರು. ಅದನ್ನು ಯಾವ ವರದಿಯಲ್ಲೂ ಬರೆಸಿದವರಲ್ಲ. ಹಾಗಾಗಿ ಮನುಷ್ಯರ ಬಗ್ಗೆ ಕಟುವಾದ ಒಂದು ಸಿದ್ಧಾಂತ ಕಟ್ಟಲು ಕುಳಿತಾಗಲೆಲ್ಲ ನನಗೆ ದೇಸಾಯರು ಅಡ್ಡ ಬರುತ್ತಾರೆ.

ಕಚೇರಿಗೆ ಸೇರಿದ ಮೊದಲ ವಾರ ಹಿರಿಯ ಉಪಸಂಪಾದಕರೊಬ್ಬರು ನನಗೆ ಒಂದೇ ಪಾಠ ಹೇಳಿದ್ದರು. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು; ಮುಖ್ಯವಾದದ್ದು ಮೇಲಿರುತ್ತದೆ. ಅಪಘಾತದ ಸುದ್ದಿಗೆ, ವಿಧಾನಸಭೆಯ ಸುದ್ದಿಗೆ ಈ ಪಾಠ ಸರಿ. ಸಂಘದ ವರದಿಗಳಲ್ಲಿ ಕೆಳಗೆ ಇರುತ್ತಿದ್ದದ್ದೇ ಬೇರೆ: ಇಂಥವರು ಪ್ರಾರ್ಥನೆಗೈದರು, ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಎಲ್ಲರಿಗಿಂತ ಮೊದಲು ಸಭಾಂಗಣಕ್ಕೆ ಬಂದವರು, ಎಲ್ಲರೂ ಹೋದ ಮೇಲೆ ದೀಪ ಆರಿಸಿದವರು. ಅವರನ್ನು ದಿನಕ್ಕೆ ನಾಲ್ಕಾರು ಜನರಂತೆ ನಾನು ತೆಗೆಯುತ್ತಿದ್ದೆ. ರಾಜ್ಯ ಆಳುವವರ ಅಧಿಕಾರ ದೊಡ್ಡದಿರಬಹುದು, ಆದರೆ ಅವರಿಗೂ ಅದನ್ನು ದಿನಾ ಬಳಸುವ ಅವಕಾಶ ಸಿಗಲಿಕ್ಕಿಲ್ಲ. ನನಗೆ ಸಂಜೆ ಐದರೊಳಗೆ ಸಿಗುತ್ತಿತ್ತು.

ಅಭ್ಯಾಸ ಹಳೆಯದೇ. ನಾನು ಬೆಳೆದದ್ದು ಠಾಕುರ್ಲಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ರೈಲ್ವೆ ಸೇರಿದವರು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ನಾನು ಮಾನಿಟರ್. ಗುರುಗಳು ಚಹಾಕ್ಕೆ ಹೋದಾಗ ಮಾತಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದು ಕೆಲಸ. ಸೀಮೆಸುಣ್ಣ ಕೈಗೆ ಬಂದ ಮೊದಲ ದಿನವೇ ಅದರ ರುಚಿ ತಿಳಿಯಿತು. ಬೋರೆಹಣ್ಣು ಕೊಟ್ಟವರ ಮಾತು ನನಗೆ ಕೇಳಿಸುತ್ತಿರಲಿಲ್ಲ. ಮನುಷ್ಯರು ತಮ್ಮ ಹೆಸರು ತೆಗೆಯಿರೆಂದು ಬೇಡಿಕೊಂಡದ್ದನ್ನು ನಾನು ಜೀವನದಲ್ಲಿ ನೋಡಿದ್ದು ಆ ಹಲಗೆಯ ಮುಂದೆ ಮಾತ್ರ.

ಶಾಂತಾ ಎಂಬ ಹುಡುಗಿಯೊಬ್ಬಳಿದ್ದಳು. ಮಾತೇ ಆಡದವಳು. ಒಂದು ದಿನ ಮೇಜಿನ ಬಳಿ ಬಂದು ಮೆಲ್ಲಗೆ, "ನಂದೂ ಹೆಸರ ಬರಿಯೆ" ಎಂದಳು.

"ನೀ ಎಲ್ಲಿ ಮಾತಾಡೀದಿ?"

"ಮಾತಾಡಿಲ್ಲ. ಹೆಸರ ಬರಿಸಿಕೊಂಡವರೆಲ್ಲ ಹೊರಗ ನಿಂದ್ರತಾರಲ್ಲ, ಅಲ್ಲಿ ಎಲ್ಲಾರೂ ಕೂಡಿ ನಗತಿರತಾರ."

ನಾನು ಬರೆಯಲಿಲ್ಲ. ಮಾತಾಡದವರ ಹೆಸರು ಬರೆಯುವುದು ನಿಯಮಕ್ಕೆ ವಿರುದ್ಧ. ಒಂಬತ್ತನೆಯ ವಯಸ್ಸಿಗೇ ನಾನು ಎಷ್ಟು ಒಳ್ಳೆಯ ಪತ್ರಕರ್ತೆಯಾಗಿದ್ದೆ ನೋಡಿ.

ಸುಖದ ಪಾಠ ಕಲಿಸಿದ್ದು ಲೋಕಲ್ ರೈಲು. ಹೆಂಗಸರ ಡಬ್ಬಿಯಲ್ಲಿ ಹತ್ತಿದ ಕೂಡಲೇ ಕುಳಿತವರನ್ನೆಲ್ಲ "ಕುಠೆ ಉತರಣಾರ?" ಎಂದು ಕೇಳುತ್ತ ಹೋಗಬೇಕು. ಯಾರು ಎಲ್ಲಿ ಇಳಿಯುತ್ತಾರೆಂದು ತಿಳಿದರೆ ಆ ಸೀಟು ಮೊದಲು ಕೇಳಿದವಳದು. ಹೀಗೆ ಕಾದಿಟ್ಟ ಸೀಟಿನಲ್ಲಿ ಠಾಣೆ ದಾಟಿದ ಮೇಲೆ ಕುಳಿತಾಗ ಸಿಗುವ ಆನಂದವನ್ನು ಮನೆಯ ಸೋಫಾ ಎಂದೂ ಕೊಟ್ಟಿಲ್ಲ. ಕಾರಣ ಯೋಚಿಸಿದ್ದೇನೆ. ಸೋಫಾದ ಸುತ್ತ ಯಾರೂ ನಿಂತಿರುವುದಿಲ್ಲ. ಕುಳಿತವರ ಸುಖದಲ್ಲಿ ದೊಡ್ಡ ಪಾಲು ನಿಂತವರು ಕೊಟ್ಟದ್ದು. ಇಂಥ ಮಾತುಗಳು ನನಗೆ ಮುಂಬ್ರಾದ ಗುಡ್ಡ ಮತ್ತು ಹಿನ್ನೀರಿನ ಖಾಡಿಯ ನಡುವೆ ರೈಲು ಸುಮ್ಮನೆ ನಿಂತಾಗ ಹೊಳೆಯುತ್ತಿದ್ದವು. ಬರೆದಿಡುತ್ತಿದ್ದೆ. ಸಂಜೆ ಅದೇ ಡಬ್ಬಿಯಲ್ಲಿ ಯಾರೋ ಅಪರಿಚಿತೆ ತಾನು ಸುಲಿದ ಬಟಾಣಿಯಿಂದ ಒಂದು ಹಿಡಿ ತೆಗೆದು ನನ್ನ ಕೈಗೆ ಹಾಕಿ "ಖಾ ಗ" ಎನ್ನುವಳು. ಅದನ್ನು ಬರೆದಿಡುತ್ತಿರಲಿಲ್ಲ.

ಈಗ ಮೋನಪ್ಪಣ್ಣನ ವಿಷಯಕ್ಕೆ ಬರುತ್ತೇನೆ.

ಮೋನಪ್ಪಣ್ಣ ನಮ್ಮ ಸಂಘದ ಜತೆ ಕಾರ್ಯದರ್ಶಿ. ಕಾಪುವಿನ ಕಡೆಯವರು. ಡೊಂಬಿವಲಿಯ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದಲ್ಲಿ ಬಣ್ಣ ಮಾಡುವ ಕಾರ್ಖಾನೆಯೊಂದರ ಸ್ಟೋರ್ ಕೀಪರ್. ಹದಿನೆಂಟು ವರ್ಷ ಸಂಘದ ಪ್ರತಿ ಕಾರ್ಯಕ್ರಮದಲ್ಲಿ ವಂದನಾರ್ಪಣೆ ಅವರದೇ. ಬೇರೆ ಯಾರೂ ಅದನ್ನು ಕೇಳುತ್ತಿರಲಿಲ್ಲ. ವರದಿ ಬರೆಯುತ್ತಿದ್ದವರೂ ಅವರೇ. ಕಾಲ ಬದಲಾಗಿ ಎಲ್ಲರೂ ಇ-ಮೇಲ್ ಮಾಡುವಾಗಲೂ ಸೆಕೆಂಡ್ ಶಿಫ್ಟ್ ಇದ್ದ ದಿನ ಬೆಳಿಗ್ಗೆ ರೈಲು ಹಿಡಿದು, ಗೆರೆ ಎಳೆದ ಹಾಗಿರುವ ಅಕ್ಷರದಲ್ಲಿ ಬರೆದ ಎರಡು ಪುಟವನ್ನು ನನ್ನ ಮೇಜಿನ ಮೇಲಿಡುತ್ತಿದ್ದರು. ಎರಡನೆಯ ಪುಟದ ಕೊನೆಯ ಸಾಲು ಯಾವಾಗಲೂ ಒಂದೇ. 'ಜತೆ ಕಾರ್ಯದರ್ಶಿ ಮೋನಪ್ಪ ವಂದಿಸಿದರು.' ಅವರು ಹೋದ ಮೇಲೆ ನಾನು ಮೊದಲು ತೆಗೆಯುತ್ತಿದ್ದದ್ದು ಅದೇ ಸಾಲು. ಬರೆದವರ ಹೆಸರು ಅದೇ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲವೆಂದರೆ ನೀವು ನಂಬಬೇಕು. ಕತ್ತರಿಸುವವರು ಓದುವುದಿಲ್ಲ, ಅಳೆಯುತ್ತಾರೆ.

ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ, ಸಂಘದ ವಾರ್ಷಿಕೋತ್ಸವ ಆದಿತ್ಯವಾರ ಮುಗಿದು, ಸೋಮವಾರ ಬೆಳಿಗ್ಗೆ ಮೋನಪ್ಪಣ್ಣ ಬಂದರು. ವರದಿ ಇಟ್ಟರು. ಹೋಗಲಿಲ್ಲ. ಚಹಾ ತರಿಸಿದೆ. ಕುಡಿದರು. ಆಗಲೂ ಹೋಗಲಿಲ್ಲ.

"ಈ ಸಲ ಸ್ವಲ್ಪ ಉದ್ದ ಆಯ್ತೇನೋ ಮೇಡಂ."

"ಪರವಾಗಿಲ್ಲ, ನೋಡಿಕೊಳ್ತೇನೆ."

"ಕೊನೇಗೆ ಎಷ್ಟು ಹೋಗ್ಬಹುದು?"

"ಯಾವ ಕೊನೆಗೆ?"

ಅವರು ಲೋಟದ ತಳ ನೋಡಿದರು. "ಹಾಗೇನಿಲ್ಲ. ನಮ್ಮ ಮಗಳಿಗೆ ಖಾರಘರದಿಂದ ಒಂದು ಸಂಬಂಧ ಬಂದಿದೆ. ಒಳ್ಳೇ ಜನ. ನಮ್ಮ ಮನೆಯವಳು ಫೋನಲ್ಲಿ ಮಾತಾಡುವಾಗ, ನಮ್ಮವರು ಸಂಘದಲ್ಲಿ ದೊಡ್ಡ ಜನ, ಪೇಪರಲ್ಲಿ ಹೆಸರು ಬರ್ತಾನೇ ಇರ್ತದೆ ಅಂತ ಒಂದು ಮಾತು ಹೇಳಿಬಿಟ್ಟಿದ್ದಾಳೆ. ಹುಡುಗನ ತಾಯಿ ಸ್ವಲ್ಪ ಖಡಕ್. ಹೌದಾ, ಹಾಗಾದ್ರೆ ಬಂದಾಗ ತೋರಿಸಿ, ನೋಡುವ ಅಂದಿದ್ದಾರೆ. ಬರುವ ಆದಿತ್ಯವಾರ ಬರ್ತಾರೆ."

"ತೋರಿಸಿ ಮತ್ತೆ."

"ಇದ್ರೆ ತೋರಿಸ್ಬಹುದಿತ್ತು" ಎಂದರು ಮೋನಪ್ಪಣ್ಣ. ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಸ್ಟೋರಿನಲ್ಲಿ ಇಂಥ ಮಾಲು ಇಲ್ಲವೆಂದು ಹೇಳುವ ಹಾಗೆ ಹೇಳಿದರು. "ಕಟಿಂಗ್ ಎಲ್ಲ ಇಟ್ಟಿದ್ದೇನೆ ಮೇಡಂ, ಬರೆದದ್ದು ನಾನೇ ಅಲ್ವಾ. ಅದರಲ್ಲಿ ನನ್ನ ಹೆಸರು ಮಾತ್ರ ಇಲ್ಲ."

ನಾನು "ನೋಡೋಣ" ಎಂದೆ.

'ನೋಡೋಣ' ಎನ್ನುವಾಗ ಬೆನ್ನು ಕುರ್ಚಿಗೆ ತಾನಾಗಿಯೇ ಒರಗುತ್ತದೆ. ಕೊಡುತ್ತೇನೆ ಎಂದರೆ ಕೊಟ್ಟು ಮುಗಿಯಿತು. ಕೊಡುವುದಿಲ್ಲ ಎಂದರೂ ಮುಗಿಯಿತು. ನೋಡೋಣ ಎಂದರೆ ಎದುರಿನವರು ವರದಿ ಅಚ್ಚಾಗುವ ಬುಧವಾರದವರೆಗೆ ನಿಮ್ಮವರು. ಅಷ್ಟು ಒಳ್ಳೆಯ ಮನುಷ್ಯನೆದುರು ನಾನು ಹಾಗೆ ಒರಗಿ ಕುಳಿತೆ. ಸುಖವಾಗಿಯೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಮೋನಪ್ಪಣ್ಣನ ಹೆಸರನ್ನು ಮೊದಲ ಪ್ಯಾರಾಕ್ಕೆ ಏರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಏರಿಸಲಿಲ್ಲ. ಕಾರ್ಯಕ್ರಮ ಮುಗಿದ ಮೇಲಿನ ಮಾತನ್ನು ವರದಿಯ ಆರಂಭದಲ್ಲಿ ಹಾಕುವುದು ಪದ್ಧತಿಯಲ್ಲ. ಬದಲಿಗೆ ಮಂಗಳವಾರ ಮಧ್ಯಾಹ್ನ ಕುಳಿತು ಮೇಲಿನಿಂದ ಕಡಿಮೆ ಮಾಡುತ್ತ ಬಂದೆ. ದೇಸಾಯರ ಹೆಸರಿನ ಮುಂದಿದ್ದ ಸಮಾಜಸೇವಕ, ಕೊಡುಗೈ ದಾನಿ, ಕನ್ನಡದ ಕಟ್ಟಾಳು ಮೂರನ್ನೂ ತೆಗೆದೆ. ಅತಿಥಿಗಳ ಭಾಷಣವನ್ನು ಒಂದು ಸಾಲಿಗಿಳಿಸಿದೆ. ಕೊನೆಯ ಸಾಲು ಪುಟದ ಅಂಚಿಗೆ ಸರಿಯಾಗಿ ಬಂದು ಕುಳಿತಿತು. ಪುಟ ಕಟ್ಟುವವರಿಗೆ ತೋರಿಸಿ, ಇದನ್ನು ಮುಟ್ಟಬೇಡಿ ಎಂದು ಹೇಳಿ, ಐದೂವರೆಯ ರೈಲು ಹಿಡಿದೆ. ನಿಯಮವೂ ಉಳಿಯಿತು, ಉಪಕಾರವೂ ಆಯಿತು ಎಂದು ಬಹಳ ಹೆಮ್ಮೆಪಟ್ಟುಕೊಂಡೆ.

ಬುಧವಾರ ಬೆಳಿಗ್ಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಪತ್ರಿಕೆ ಬಿಡಿಸಿದೆ. ವರದಿ 'ಸದಸ್ಯರು ಬಹುಸಂಖ್ಯೆಯಲ್ಲಿ ಉಪಸ್ಥಿತರಿದ್ದರು' ಎಂಬಲ್ಲಿಗೆ ಮುಗಿದಿತ್ತು. ಅದರ ಕೆಳಗೆ ಎರಡು ಕಾಲಮ್ಮಿನ ಒಂದು ಜಾಹೀರಾತು. ದೇಸಾಯರ ನಗುಮುಖ. 'ಸಂಘದ ಅಧ್ಯಕ್ಷರಾಗಿ ಪುನರಾಯ್ಕೆಯಾದ ಸಮಾಜಸೇವಕ, ಕೊಡುಗೈ ದಾನಿ, ಕನ್ನಡದ ಕಟ್ಟಾಳು ಶ್ರೀಯುತರಿಗೆ ಹಾರ್ದಿಕ ಅಭಿನಂದನೆಗಳು. ಅಭಿನಂದಿಸುವವರು: ಅಭಿಮಾನಿ ಬಳಗ.' ನಾನು ಹೊರಟ ಮೇಲೆ ಬಂದದ್ದಂತೆ. ಬಳಗದ ಪರವಾಗಿ ಜಾಹೀರಾತು ತಂದುಕೊಟ್ಟವರು ದೇಸಾಯರೇ ಎಂದು ಆಮೇಲೆ ತಿಳಿಯಿತು. ಜಾಗ ಮಾಡಲು ಪುಟದವರು, ತಪ್ಪೇನಿಲ್ಲ, ಕೆಳಗಿನಿಂದ ಕತ್ತರಿಸಿದ್ದರು.

ಮೋನಪ್ಪಣ್ಣನಿಗೆ ಫೋನು ಮಾಡಲು ನನಗೆ ಧೈರ್ಯ ಬರಲಿಲ್ಲ. ಅವರೂ ಮಾಡಲಿಲ್ಲ. ಶುಕ್ರವಾರ ಅವರ ಹೆಂಡತಿ ಗಿರಿಜಕ್ಕ ಮಾಡಿದರು.

"ಮೇಡಂ, ಆದಿತ್ಯವಾರ ಎಂತ ಕೆಲಸ ನಿಮಗೆ?"

"ಏನಿಲ್ಲ ಗಿರಿಜಕ್ಕ. ಆ ಹೆಸರಿನ ವಿಷಯ..."

"ಅದನ್ನೇ ಹೇಳೂದು. ಹದಿನೆಂಟು ವರ್ಷ ನನ್ನ ಗಂಡನ ಹೆಸರು ತಿಂದಿದ್ದೀರಿ. ಒಂದು ದಿನ ನಮ್ಮಲ್ಲಿ ಊಟಕ್ಕೂ ಬನ್ನಿ. ಹುಡುಗನ ಕಡೆಯವರ ಎದುರು ನೀವೇ ಹೇಳ್ಬೇಕು. ನಾನು ಸುಳ್ಳಿ ಅಂತ ಆಗ್ಬಾರ್ದು."

ಹೋದೆ. ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿ, ಒಂದು ಹಾಲ್, ಒಂದು ಕೋಣೆ. ಹಾಲಿನಲ್ಲಿ ಖಾರಘರದವರು ಕುಳಿತಿದ್ದರು. ಹುಡುಗನ ತಾಯಿ ಸುಮಿತ್ರಕ್ಕ, ಮಾತಾಡದ ಅವರ ಗಂಡ, ಹುಡುಗ. ಮೋನಪ್ಪಣ್ಣ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ತಮ್ಮ ಮನೆಯಲ್ಲೇ ಬಂದ ಅತಿಥಿಯಂತೆ ಕುಳಿತಿದ್ದರು. ಮಗಳು ಪ್ರತೀಕ್ಷಾ ಅಡುಗೆಮನೆಯ ಬಾಗಿಲಲ್ಲಿ. ಒಳಗಿಂದ ಕೋಳಿ ಸಾರಿನ ಪರಿಮಳ. "ನಿಮಗೆ ಬೇರೆ ಉಂಟು, ಹೆದರ್ಬೇಡಿ" ಎಂದು ಗಿರಿಜಕ್ಕ ನನ್ನನ್ನು ಕೂಡಿಸಿದರು.

ಉಪಚಾರದ ಮಾತು ಮುಗಿಯಿತು. ಸುಮಿತ್ರಕ್ಕ ಶರಬತ್ತಿನ ಲೋಟ ಕೆಳಗಿಟ್ಟು, "ಮತ್ತೆ, ಎಲ್ಲಿ ಪೇಪರು?" ಎಂದರು.

ಗಿರಿಜಕ್ಕ ದಪ್ಪನೆಯ ಒಂದು ಫೈಲನ್ನು ಟೀಪಾಯಿಯ ಮೇಲಿಟ್ಟರು. "ಫೈಲೂ ಉಂಟು. ಪೇಪರಿನವರೂ ಇದ್ದಾರೆ. ಕೇಳಿ."

ಎಲ್ಲರೂ ನನ್ನತ್ತ ತಿರುಗಿದರು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಹಳೆಯ ಸಂಚಿಕೆಗಳು ಕಚೇರಿಯಲ್ಲಿವೆ, ತರಿಸಿಕೊಡುತ್ತೇನೆ ಎಂದರೆ ಯಾರೂ ಖಾರಘರದಿಂದ ಹುಡುಕಿಕೊಂಡು ಬರುತ್ತಿರಲಿಲ್ಲ. ಆದರೆ ಮೋನಪ್ಪಣ್ಣ ನನ್ನನ್ನೇ ನೋಡುತ್ತಿದ್ದರು. ನಾನು ತಪ್ಪೊಪ್ಪಿಗೆಯ ಪ್ರಕಟಣೆ ಓದುವ ಹಾಗೆ ಹೇಳಿದೆ: "ಇವರ ಹೆಸರು ಪತ್ರಿಕೆಯಲ್ಲಿ ಒಂದು ಸಲವೂ ಬಂದಿಲ್ಲ. ಪ್ರತಿ ಸಲವೂ ವರದಿಯಲ್ಲಿ ಇತ್ತು. ಕೊನೆಯ ಸಾಲಿನಲ್ಲಿ ಇರುತ್ತಿತ್ತು. ಜಾಗ ಸಾಲದೆ ತೆಗೆದವಳು ನಾನು."

ಮೋನಪ್ಪಣ್ಣನ ಕಿವಿ ಕೆಂಪಾದದ್ದು ಕಾಣಿಸಿತು. ಸುಮಿತ್ರಕ್ಕ ಫೈಲನ್ನು ತೊಡೆಯ ಮೇಲೆ ಎಳೆದುಕೊಂಡು ಒಂದೊಂದೇ ಕಟಿಂಗಿನ ಕೊನೆ ನೋಡತೊಡಗಿದರು. ನಾಲ್ಕು ನೋಡಿದರು. ಐದು ನೋಡಿದರು.

"ಇದರಲ್ಲಿ ಪ್ರಾರ್ಥನೆ ಯಾರದ್ದು ಅಂತ ಎಲ್ಲೂ ಇಲ್ಲ?"

"ಅದೂ ಕೊನೆಗೇ ಇರ್ತದೆ" ಎಂದೆ.

"ತೆಗೆದಿದ್ದೀರಿ."

"ಹೌದು."

"ಖಾರಘರದ ಸಂಘದ ಸುದ್ದಿಯೂ ನಿಮ್ಮ ಕೈಯಿಂದಲೇ ಹೋಗೂದಾ?"

"ಹೌದು."

"ಅಲ್ಲಿ ಹನ್ನೊಂದು ವರ್ಷದಿಂದ ಪ್ರಾರ್ಥನೆ ಹೇಳೂದು ಯಾರು ಗೊತ್ತುಂಟಾ ನಿಮಗೆ?"

ನನಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

"ಗೊತ್ತಿರ್ಲಿಕ್ಕಿಲ್ಲ. ನೀವು ಓದೂದಿಲ್ಲ ಅಲ್ವಾ, ತೆಗೆಯೂದು ಮಾತ್ರ" ಎಂದು ಸುಮಿತ್ರಕ್ಕ ಗಿರಿಜಕ್ಕನ ಕಡೆ ತಿರುಗಿದರು. "ನಾನು ಬೆಳಿಗ್ಗೆ ಎದ್ದು ಬಿಸಿನೀರು ಕುಡಿದು ಗಂಟಲು ಸರಿ ಮಾಡಿಕೊಂಡು ಹೋಗೂದು ಮಾರಾಯ್ರೆ. ಇವರ ಪೇಪರಲ್ಲಿ ದೀಪ ತನ್ನಷ್ಟಕ್ಕೆ ಹತ್ತಿಕೊಳ್ತದೆ."

"ನಿಮ್ಮದು ಹನ್ನೊಂದು, ನಮ್ಮವರದ್ದು ಹದಿನೆಂಟು!" ಎಂದರು ಗಿರಿಜಕ್ಕ.

"ಎಂತ ಜನ ಅಲ್ವಾ?"

"ನೋಡ್ಲಿಕ್ಕೆ ಎಷ್ಟು ಪಾಪ ಕಾಣ್ತಾರೆ!"

ಸುಮಿತ್ರಕ್ಕನ ಗಂಡ ಆಗ ಮೊದಲ ಬಾರಿ ಬಾಯಿ ತೆರೆದರು. "ಇವಳು ಪ್ರತಿ ಸಲ ಎರಡೆರಡು ಪೇಪರು ತರಿಸ್ತಾಳೆ. ಒಂದರಲ್ಲಿ ಇಲ್ಲದಿದ್ರೆ ಇನ್ನೊಂದರಲ್ಲಿ ಇರ್ಬಹುದು ಅಂತ."

ಹಾಲ್ ನಗುವಿನಿಂದ ತುಂಬಿತು. ಸುಮಿತ್ರಕ್ಕ ಗಿರಿಜಕ್ಕನ ಪಕ್ಕಕ್ಕೆ ಬಂದು ಕುಳಿತು, ಇಬ್ಬರೂ ಸೇರಿ ನನ್ನ ವೃತ್ತಿಜೀವನವನ್ನು ವಿಚಾರಿಸಿಕೊಂಡರು. ಜಾತಕ ಕೂಡಿಸಲಾಗದ ಎಷ್ಟೋ ಮನೆಗಳನ್ನು ಬೈಯಲು ಸಿಕ್ಕ ಒಬ್ಬ ಮೂರನೆಯವಳು ಕೂಡಿಸಬಲ್ಲಳು. ನಾನು ತಲೆ ತಗ್ಗಿಸಿ ಹಲಸಿನ ಹಪ್ಪಳ ತಿನ್ನುತ್ತಿದ್ದೆ. ಪ್ರತೀಕ್ಷಾ ಇನ್ನೊಂದು ತಟ್ಟೆ ತಂದಿಟ್ಟು ನನ್ನ ಕಿವಿಯ ಬಳಿ, "ಆಂಟಿ, ಟೆನ್ಶನ್ ನಹೀ ಲೇನೇಕಾ. ಹಮಾರಾ ತೋ ಕಬ್ ಕಾ ಫಿಕ್ಸ್ ಹೈ. ಇನ್ ಲೋಗೋಂಕೋ ಬಸ್ ಡಿಸೈಡ್ ಕರ್ನೇ ಕಾ ಫೀಲಿಂಗ್ ಚಾಹಿಯೇ" ಎಂದಳು. ಅವಳೂ ಹುಡುಗನೂ ವಾಶಿಯ ಒಂದೇ ಆಫೀಸಿನವರು. ಮಕ್ಕಳು ಯಾವತ್ತೋ ನಿಶ್ಚಯಿಸಿಕೊಂಡದ್ದನ್ನು ಹಿರಿಯರು ಆ ಮಧ್ಯಾಹ್ನ ನಿಶ್ಚಯಿಸುತ್ತಿದ್ದರು; ಅವರಿಗೆ ಬೇಕಿದ್ದದ್ದು ತಾವೇ ನಿಶ್ಚಯಿಸಿದೆವೆಂಬ ಭಾವನೆ ಅಷ್ಟೆ. ಅಧಿಕಾರದ ಬಗ್ಗೆ ಮೂವತ್ತು ವರ್ಷ ಯೋಚಿಸಿ ನಾನು ಬರೆದಿಟ್ಟುಕೊಂಡದ್ದನ್ನು ಆ ಹುಡುಗಿ ಹಪ್ಪಳದ ತಟ್ಟೆ ಇಡುವಷ್ಟರಲ್ಲಿ ಹೇಳಿಬಿಟ್ಟಳು.

ಸಂಬಂಧಕ್ಕೆ ಭಯವಿರಲಿಲ್ಲ. ಆದರೆ ಮೋನಪ್ಪಣ್ಣ ನಗುತ್ತಿರಲಿಲ್ಲ. ಹೆಂಡತಿಯ ಮಾತು ಸುಳ್ಳಾಗದಿರಲೆಂದು ಅವರು ಒಮ್ಮೆ, ಒಂದೇ ಒಮ್ಮೆ ಬಾಯಿ ಬಿಟ್ಟು ಕೇಳಿದ್ದರು. ಈಗ ಬೀಗರ ಎದುರು ಇಲ್ಲದ ಹೆಸರಿನ ಫೈಲು ತೆರೆದು ಬಿದ್ದಿತ್ತು, ಎಲ್ಲರೂ ಅದರ ಸುತ್ತ ನಗುತ್ತಿದ್ದರು. ಅವರು ಶರಟಿನ ತೋಳಿನ ಗುಂಡಿಯನ್ನು ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದರು.

ಅದನ್ನು ಗಮನಿಸಿದ್ದು ನಾನಲ್ಲ, ಖಡಕ್ ಎನಿಸಿಕೊಂಡ ಸುಮಿತ್ರಕ್ಕ.

"ಅಣ್ಣ, ಮೊನ್ನೆ ನೀವು ಎಂತ ಹೇಳಿದ್ದು?"

"ಯಾವತ್ತು?"

"ವಂದನಾರ್ಪಣೆಯಲ್ಲಿ. ಬರೆದದ್ದು ಉಂಟಾ?"

"ಉಂಟು... ಅದೆಂತ ಈಗ."

"ಓದಿ. ಪೇಪರಲ್ಲಿ ಇಲ್ಲದಿದ್ರೆ ಬೇಡ. ನಾವು ಬಂದಿದ್ದೇವಲ್ಲ, ನಾವು ಕೇಳ್ತೇವೆ."

ಮೋನಪ್ಪಣ್ಣ ಹೆಂಡತಿಯ ಮುಖ ನೋಡಿದರು. ಗಿರಿಜಕ್ಕ "ಓದಿ ಮಾರಾಯ್ರೆ, ನಾನೂ ಕೇಳಿಲ್ಲ, ಯಾವಾಗಲೂ ಬಡಿಸ್ಲಿಕ್ಕೆ ನಿಂತಿರ್ತೇನೆ" ಎಂದರು. ನಾನೂ ಕೇಳಿರಲಿಲ್ಲ. ವಂದನಾರ್ಪಣೆ ಶುರುವಾಗುವಾಗ ನಾವೆಲ್ಲ ಊಟದ ಸಾಲಿನಲ್ಲಿ ತಟ್ಟೆ ಹಿಡಿದಿರುತ್ತೇವೆ. ನಾನಂತೂ ಸ್ವಲ್ಪ ಮುಂದೆಯೇ.

ಅವರು ಎದ್ದು ನಿಂತರು. ಕುಳಿತೇ ಓದಬಹುದಿತ್ತು. ಫೈಲಿನ ಹಿಂಬದಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದು, ಕನ್ನಡಕ ಹಾಕಿ, ಮೈಕಿನಿಂದ ಎಷ್ಟು ದೂರ ನಿಲ್ಲಬೇಕೋ ಟೀಪಾಯಿಯಿಂದ ಅಷ್ಟು ದೂರ ನಿಂತರು.

ಅತಿಥಿಗಳಿಗೆ, ಅಧ್ಯಕ್ಷರಿಗೆ, ದಾನಿಗಳಿಗೆ ವಂದನೆ ಮೊದಲ ಮೂರು ಸಾಲಿಗೇ ಮುಗಿಯಿತು. ಆಮೇಲೆ ಹೆಸರುಗಳು ಬಂದವು. ಸಭಾಂಗಣದ ಬಾಗಿಲು ತೆರೆದುಕೊಟ್ಟ ವಾಚ್‌ಮನ್ ರಾಮಸೂರತ್. ಕೆಟ್ಟ ಫ್ಯಾನಿಗಾಗಿ ಎರಡು ಸಲ ಏಣಿ ಹತ್ತಿದ ಇಲೆಕ್ಟ್ರಿಶಿಯನ್ ಸಲೀಂಭಾಯಿ. ರಂಗೋಲಿ ಹಾಕಿ, ಜನ ಅದನ್ನು ತುಳಿದ ಮೇಲೆ ಇನ್ನೊಮ್ಮೆ ಹಾಕಿದ ಶಕುಂತಲಾಬಾಯಿ. ಮೈಕಿನ ಗದ್ದಲ ಸಹಿಸಿದ ಎದುರಿನ ಕಟ್ಟಡದವರು. ಅವರಲ್ಲಿ ಹತ್ತನೆಯ ಪರೀಕ್ಷೆಗೆ ಓದುತ್ತಿದ್ದ ಹುಡುಗಿ, ಅವಳಿಗೆ ಒಳ್ಳೆಯದಾಗಲಿ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳಲು ಉಳಿದು, ಇತರರನ್ನು ಕಾರ್ಯಕ್ರಮಕ್ಕೆ ಕಳಿಸಿಕೊಟ್ಟವರು. ಇಂಥವರ ಹೆಸರು ಗೊತ್ತಿದ್ದಷ್ಟನ್ನು ಅವರು ಬರೆದಿದ್ದರು. ಒಂಬತ್ತು ಹೆಸರಿದ್ದವು. ಒಂದೊಂದನ್ನೂ ನಿಧಾನವಾಗಿ, ವೇದಿಕೆಗೆ ಕರೆಯುವ ಹಾಗೆ ಓದಿದರು. ಹುಡುಗನಿಗೆ ಕನ್ನಡ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ. ಆದರೂ ಫೋನನ್ನು ಮಗುಚಿಟ್ಟು ಕೇಳುತ್ತಿದ್ದ. ಬಡಿಸಲೆಂದು ಎದ್ದು ಸೌಟು ಹಿಡಿದು ನಿಂತಿದ್ದ ಗಿರಿಜಕ್ಕ ಮೆಲ್ಲಗೆ ಕೆಳಗೆ ಕುಳಿತರು.

ಮೋನಪ್ಪಣ್ಣ ಹಾಳೆಯ ಕೊನೆಗೆ ಬಂದರು. "ಕೊನೆಯವರೆಗೂ ಕುಳಿತು ಕೇಳಿದ ತಮಗೆಲ್ಲರಿಗೂ..." ಎಂದು ಓದಿ, ಯಾಕೋ ನಿಲ್ಲಿಸಿ, ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿದರು. ಎಲ್ಲರೂ ಕುಳಿತೇ ಇದ್ದೆವು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು.

ನಂತರ ಹಾಳೆ ನೋಡದೆ ಆ ಸಾಲನ್ನು ಇನ್ನೊಮ್ಮೆ ಹೇಳಿದರು.